ಎರಡು ಕೈ ಸಾಲದು

ಬಟ್ಟೆಯ ಚಾವಣಿ ಹದಿನಾಲ್ಕು ವರ್ಷ ತಡೆಯಿತು.
ಆರ್ಬ್ರೋತಿನ ಉಪ್ಪುಗಾಳಿಗೆ ಅದು ಹೆಚ್ಚೇ.
ಮಡಿಕೆ ಮಡಿಕೆಗೂ ಪಾಚಿ,
ಹಿಂದಿನ ಪ್ಲಾಸ್ಟಿಕ್ ಕಿಟಕಿ
ಚಹಾ ಕುಡಿದ ಹಲ್ಲಿನ ಬಣ್ಣಕ್ಕೆ ತಿರುಗಿ
ಬೆನ್ನಟ್ಟಿ ಬರುವ ಲಾರಿಯೂ ಒಂದು ಮಂಜಿನ ಮುದ್ದೆ.
ತೇಪೆಯ ಮೇಲೆ ತೇಪೆ; ಕಪ್ಪು ಟೇಪಿನ ಕೆಳಗೆ
ಇನ್ನೊಂದು ಕಪ್ಪು ಟೇಪು.
ಕಳೆದ ವಾರ ಯಾವುದೋ ಕಡಲಹಕ್ಕಿ,
ಒಳಗಿದ್ದ ಹೊಗೆಮೀನಿನ ಪೊಟ್ಟಣದ ಆಸೆಗೋ
ಬರೀ ಕೊಬ್ಬಿಗೋ,
ಗೇಣುದ್ದ ಸೀಳಿಬಿಟ್ಟಿತು.
ಸಾಕು, ಅಂದೆ.

ಹಾರ್ಡ್‌ಟಾಪ್ ಇರುವುದು ಮರ್ಡೋನ ಗ್ಯಾರೇಜಿನಲ್ಲಿ,
ತೊಲೆಗೆ ಹಗ್ಗ ಬಿಗಿದು
ಬೋರಲು ತೂಗುಬಿಟ್ಟ ದೋಣಿಯ ಹಾಗೆ.
ವಿಚ್ಛೇದನದ ಕಾಗದದಲ್ಲಿ
ಕಾರು ನನಗೆ, ಗ್ಯಾರೇಜು ಅವನಿಗೆ;
ಇದರ ಮಾತನ್ನು ವಕೀಲರು ಎತ್ತಲೇ ಇಲ್ಲ.
ನಾವೂ ನೆನಪಿಸಲಿಲ್ಲ.

ಡಂಡೀಯ ಗುಜರಿಯಲ್ಲಿ ಸಿಕ್ಕ ಮಾಲು, ಕಡುಹಸಿರು.
ಕಾರು ಕೆಂಪು.
ಹಾಕಿಕೊಂಡು ಹೊರಟರೆ ಊರ ಹುಡುಗರು
‘ಸ್ಟ್ರಾಬೆರಿ ಬಂತು’ ಎಂದು ಕೂಗುತ್ತಾರೆ.
ತೂಕ ಇಪ್ಪತ್ತೆರಡೇ ಕಿಲೋ.
ತೊಂದರೆ ಭಾರದ್ದಲ್ಲ, ಅಗಲದ್ದು:
ಒಬ್ಬರೇ ಎತ್ತಿದರೆ ಒಂದು ಮೂಲೆ ನೆಲ ಕೆರೆಯುತ್ತದೆ
ಇನ್ನೊಂದು ಬಣ್ಣ ಕೆರೆಯುತ್ತದೆ.
ಒಂದೇ ಕೈಯಲ್ಲಿ ಚಪ್ಪಾಳೆಯಾಗದು ಅನ್ನುತ್ತಾರಲ್ಲ,
ಇದಕ್ಕೆ ನಾಲ್ಕು ಬೇಕು.

ಹಾಗಾಗಿ ಏಳು ವರ್ಷದಿಂದ
ಅಕ್ಟೋಬರಿನ ಒಂದು ಶನಿವಾರ ಹಾಕುವುದಕ್ಕೆ,
ಏಪ್ರಿಲಿನ ಒಂದು ಶನಿವಾರ ತೆಗೆಯುವುದಕ್ಕೆ.
ನಡುವೆ ಒಂದು ಸಂದೇಶವೂ ಇಲ್ಲ.
ಊನಾ ಚಹಾ ತಂದಿಟ್ಟು
ಮಾತಾಡದೆ ಒಳಗೆ ಹೋಗುತ್ತಾಳೆ.
ಒಳ್ಳೆಯ ಹೆಂಗಸು. ಬಿಸ್ಕತ್ತು ಮಾತ್ರ
ಲೆಕ್ಕ ಹಾಕಿ ಎರಡೇ ಇಡುತ್ತಾಳೆ.

‘ಈ ಸಲ ಬಟ್ಟೆಯದನ್ನು ಬುಡಸಮೇತ ಕಿತ್ತುಬಿಡು’ ಅಂದೆ.
ಅವನು ನನ್ನ ಮುಖ ನೋಡಲಿಲ್ಲ. ಸ್ಪ್ಯಾನರು ಹುಡುಕಿದ.
ಸೀಟಿನ ಹಿಂದೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ,
ಒಂದೊಂದೇ ಬೋಲ್ಟನ್ನು ಬಯ್ಯುತ್ತ ಬಿಚ್ಚಿದ;
ಬಿಚ್ಚಿದ್ದನ್ನು ಜಾಮ್ ಬಾಟಲಿಗೆ ಹಾಕಿದ.
ನೀರು ಹರಿಯುವ ತೂತಿನಲ್ಲಿ
ಹದಿನಾಲ್ಕು ಶರತ್ಕಾಲದ ಎಲೆ ಕೊಳೆತು
ಕಾಫಿಯ ಗಸಿಯಾಗಿತ್ತು.
ಇಬ್ಬರೂ ಸೇರಿ ಚೌಕಟ್ಟನ್ನು ಎತ್ತಿದೆವು.
ನೆಲಕ್ಕಿಟ್ಟದ್ದೇ ತಡ
ಅದು ತಾನಾಗಿ, ಅಭ್ಯಾಸಬಲದಿಂದ,
ಮೊಣಕಾಲು ಮಡಿಚಿ ಮುದುಡಿಕೊಂಡಿತು.
ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಗಟ್ಟಿಯದು.
ಸಂಸಾರ ಮಾಡಿದ ಹನ್ನೆರಡು ವರ್ಷವೂ
ಮೂರು ಅಂದಾಗ ಎತ್ತುವುದೋ
ಮೂರು ಅಂದ ಮೇಲೆ ಎತ್ತುವುದೋ ಎಂದು ಜಗಳ.
ಇತ್ಯರ್ಥವಾಗಲೇ ಇಲ್ಲ.
ಈಗ ಎಣಿಸುವುದೇ ಇಲ್ಲ:
ಅವನು ಉಸಿರು ಎಳೆದುಕೊಳ್ಳುತ್ತಾನೆ,
ನಾನು ಎತ್ತುತ್ತೇನೆ.
ತಲೆಯ ಮೇಲಿಂದ ದಾಟಿಸಿ, ಮುಂದಿನ ಎರಡು ಗೂಟ ಮೊದಲು,
ಆಮೇಲೆ ಹಿಂಭಾಗ, ಮೆಲ್ಲಗೆ, ನಿನ್ನ ಕಡೆ, ಇನ್ನೊಂದು ಕೂದಲೆಳೆ,
ಟಕ್.
ಚಿಲಕ ನಾಲ್ಕೂ ಕೂತವು.

‘ಏಪ್ರಿಲಿನಲ್ಲಿ, ಇಷ್ಬೆಲ್?’ ಅಂದ, ಕೈ ಒರೆಸಿಕೊಳ್ಳುತ್ತ.
‘ಏಪ್ರಿಲಿನಲ್ಲಿ ತೆಗೆದು?
ಕೆಳಗೆ ಬಿಚ್ಚಿಕೊಳ್ಳಲು ಇನ್ನೇನೂ ಉಳಿದಿಲ್ಲವಲ್ಲ, ಮರ್ಡೋ.
ಇದೇ ಇರಲಿ.’
ಜಾಮ್ ಬಾಟಲಿಯನ್ನು ಶೆಲ್ಫಿನಲ್ಲಿಟ್ಟ,
ಲೇಬಲ್ಲು ಗೋಡೆಯ ಕಡೆಗೆ.

ಬಂಡೆಗಳ ಪಕ್ಕದ ರಸ್ತೆಯಲ್ಲಿ ಮನೆಗೆ ಹೊರಟೆ.
ಎಂಥ ಸದ್ದಿಲ್ಲದಿರುವಿಕೆ!
ಹಕ್ಕಿಗಳು ಬಾಯಿ ತೆರೆಯುತ್ತವೆ, ಕೂಗು ಹೊರಗೇ ಉಳಿಯುತ್ತದೆ.
ಹೀಟರು ಮೊದಲ ಬಾರಿಗೆ ಕಾಲನ್ನು ಮುಟ್ಟಿತು.
ನನ್ನ ಕೋಟಿನ ತೋಳು ತೋಳಿಗೆ ಉಜ್ಜುವುದು ಕೇಳಿಸಿತು.
ಹಿಂದಿನ ಗಾಜಿನಲ್ಲಿ ಸಮುದ್ರ,
ಗೆರೆ ಎಳೆದಷ್ಟು ಸ್ಪಷ್ಟ,
ನಾನು ಬಿಟ್ಟು ಬಂದದ್ದೆಲ್ಲ ಸ್ಪಷ್ಟ.
ತಲೆಯ ಮೇಲೊಂದು ಸೂರು ಅಂದರೆ ಇದೇ ಇರಬೇಕು.

ಮಳೆ ಹಿಡಿಯಿತು.
ಎರಡು ಮೈಲಿ ಏನಿಲ್ಲ.
ಮೂರನೆಯದರಲ್ಲಿ ಎಡಮೂಲೆಯ ರಬ್ಬರಿನಿಂದ
ಒಂದು ಹನಿ ಇಳಿದು, ತೂಗಿ,
ಖಾಲಿ ಸೀಟಿನ ಮೇಲೆ ಬಿತ್ತು.

ಗಾಡಿ ನಿಲ್ಲಿಸಿದೆ. ಫೋನು ಕೈಗೆತ್ತಿಕೊಂಡೆ.
ಇನ್ನೊಂದು ಹನಿ.
ನೋಡೋಣ,
ಇದು ನಿಜವಾಗಿ ಸೋರಿಕೆಯೋ
ಅಥವಾ ಹೊಸತಕ್ಕೆ ಹೊಂದಿಕೊಳ್ಳುವ ಬೆವರೋ.
ವೈಪರು ಆಚೆ ಈಚೆ ಆಡುತ್ತಲೇ ಇತ್ತು.